ಕಾಲು ಕೈ ನರದ ಉರಿನೋವಿಗೆ ಮಾತ್ರೆ ತಗೊಳ್ಳೋದು ಹೇಗೆ: ಡೋಸು, ಟೈಮು, ತಾಳ್ಮೆ

ಅಂಗಾಲು ಉರಿಯೋದು, ಬೆರಳ ತುದೀಲಿ ಸೂಜಿ ಚುಚ್ಚಿದಂಗೆ ಆಗೋದು, ಸುಮ್ನೆ ಕೂತಿದ್ದಾಗ ಕರೆಂಟ್ ಹೊಡೆದಂಗೆ ಒಂದು ಸೆಳಕು ಬಂದು ಹೋಗೋದು, ರಾತ್ರಿ ಮಲಗಿದಾಗ ಹೊದಿಕೆ ತುದಿ ಹೆಬ್ಬೆರಳಿಗೆ ತಾಗಿದ್ರೂ ಜೀವ ಹೋದಂಗೆ ಆಗೋದು, ಇದೆಲ್ಲಾ ನರದ ನೋವಿನ ಲಕ್ಷಣ. ಉದ್ದದ ನರಗಳಿಗೆ ಮೊದಲು ಪೆಟ್ಟು ಬೀಳುತ್ತೆ, ಅದಕ್ಕೇ ಸಾಮಾನ್ಯವಾಗಿ ಕಾಲ್ಬೆರಳಲ್ಲಿ ಶುರುವಾಗಿ ಮೆಲ್ಲಗೆ ಮೇಲೆ ಹತ್ತಿ, ಸುಮಾರು ಮೊಣಕಾಲ ಹತ್ರ ಬರೋ ಹೊತ್ತಿಗೆ ಕೈಬೆರಳಲ್ಲೂ ಜೋಮು ಶುರುವಾಗೋದು. ನಾನು ಡಾಕ್ಟರ್ ಅಲ್ಲ, ಈ ನೋವು ಇಟ್ಕೊಂಡು ಬದುಕ್ತಿರೋರಲ್ಲಿ ಒಬ್ಬಳು. ಇಲ್ಲಿ ಬರೀತಿರೋದು ನಿಮ್ಮ ಡಾಕ್ಟರ್ ಮಾತಿನ ಬದಲಿಗಲ್ಲ, ಅವರ ಹತ್ರ ಹೋದಾಗ ಏನು ಕೇಳ್ಬೇಕು, ಮನೆಗೆ ಬಂದ್ಮೇಲೆ ಆ ಮಾತ್ರೆ ಹೇಗೆ ತಗೋಬೇಕು ಅನ್ನೋದಕ್ಕೆ.

ಮೊದಲನೇ ಮಾತು, ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಥರದ ಮಾಮೂಲಿ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ಕೆಲಸ ಮಾಡಲ್ಲ. ಅವು ಪೆಟ್ಟು, ಊತ, ಕೀಲುನೋವಿಗೆ ಸರಿ, ಇಲ್ಲಿ ಕೆಟ್ಟಿರೋದು ನರವೇ, ಗಾಯ ಇಲ್ದಿದ್ರೂ ನೋವಿನ ಸಿಗ್ನಲ್ ಕಳಿಸ್ತಾನೇ ಇರುತ್ತೆ. ಉರಿ ತಡೀಲಾರದೆ ದಿನಾ ಐಬುಪ್ರೊಫೇನ್ ನುಂಗಿದ್ರೆ ನೋವು ಹಾಗೇ ಇರುತ್ತೆ, ಹೊಟ್ಟೆ ಮತ್ತೆ ಕಿಡ್ನಿ ಕೆಡುತ್ತೆ ಅಷ್ಟೇ, ಅದೂ ಶುಗರ್ ಇರೋರಿಗೆ ಕಿಡ್ನಿ ಮೊದಲೇ ಸೋತಿರಬಹುದು.

ಎರಡನೇದು, ನೋವಿನ ಮಾತ್ರೆ ಶುರು ಮಾಡೋ ಮುಂಚೆ ಕಾರಣ ಹುಡುಕಿಸ್ಕೊಳ್ಳಿ. ಶುಗರ್ ಕಾಯಿಲೆ ದೊಡ್ಡ ಕಾರಣ, ಆದ್ರೆ ಅದೊಂದೇ ಅಲ್ಲ. ಬಿ12 ಕಡಿಮೆ ಆಗಿರೋದು, ಥೈರಾಯ್ಡ್, ಕಿಡ್ನಿ ತೊಂದರೆ, ಮದ್ಯ, ಕುಷ್ಠ, ಎಚ್‌ಐವಿ, ಕ್ಯಾನ್ಸರಿಗೆ ಕೊಡೋ ವಿನ್‌ಕ್ರಿಸ್ಟಿನ್, ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್ ಥರದ ಔಷಧಿ, ಟಿಬಿಗೆ ಕೊಡೋ ಐಸೋನಿಯಾಜಿಡ್, ಇವೂ ನರ ಕೆಡಿಸ್ತವೆ. ಶುಗರಿಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ತಿರೋರಿಗೆ, ಗ್ಯಾಸಿಗೆ ಅಂತ ಒಮೆಪ್ರಜೋಲ್ ಬಿಡದೇ ತಗೊಳ್ತಿರೋರಿಗೆ ಬಿ12 ಇಳಿಯೋ ಸಾಧ್ಯತೆ ಜಾಸ್ತಿ, ಹಾಗಾಗಿ "ಇದು ಶುಗರಿಂದಾನೇ" ಅಂತ ತೀರ್ಮಾನ ಮಾಡೋಕೆ ಮುಂಚೆ ಬಿ12 ಟೆಸ್ಟ್ ಒಂದು ಮಾಡಿಸಿ ಅಂತ ಬಾಯ್ಬಿಟ್ಟು ಕೇಳಿ. ಬಿ12 ಕಮ್ಮಿ ಇದ್ದು ಅದನ್ನ ತುಂಬಿಸದೇ ಬರೀ ನೋವಿನ ಮಾತ್ರೆ ತಗೊಂಡ್ರೆ ನೋವು ಮುಚ್ಚಿಹೋಗುತ್ತೆ, ನರ ಕೆಡ್ತಾನೇ ಇರುತ್ತೆ. ಇನ್ನೊಂದು ವಿಷ್ಯ ಬಹಳ ಜನಕ್ಕೆ ಗೊತ್ತಿಲ್ಲ, ಬಿ6 ಅನ್ನೋ ವಿಟಮಿನ್ ಜಾಸ್ತಿ ಡೋಸಲ್ಲಿ ತುಂಬಾ ದಿನ ತಗೊಂಡ್ರೆ ಅದೇ ನರ ಕೆಡಿಸುತ್ತೆ, ಅದಕ್ಕೆ "ನರಕ್ಕೆ ಒಳ್ಳೇದು" ಅಂತ ಎರಡು ಮೂರು ಥರದ ವಿಟಮಿನ್ ಮಾತ್ರೆ ಒಟ್ಟಿಗೆ ನುಂಗ್ತಿರೋರು ಮಾತ್ರೆ ಸ್ಟ್ರಿಪ್ ಹಿಂದೆ ಬರ್ದಿರೋದನ್ನ ಸ್ವಲ್ಪ ಓದಿ.

ಈಗ ಮಾತ್ರೆಗಳ ವಿಷ್ಯಕ್ಕೆ ಬರ್ತೀನಿ. ನರದ ನೋವಿಗೆ ಮೊದಲು ಕೊಡೋದು ಮುಖ್ಯವಾಗಿ ಎರಡು ಗುಂಪು. ಒಂದು, ಮೂಲತಃ ಖಿನ್ನತೆಗೆ ಅಂತ ಬಂದ ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್, ಡುಲೋಕ್ಸೆಟಿನ್. ಇನ್ನೊಂದು, ಫಿಟ್ಸಿಗೆ ಬಳಸೋ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್. ಮೆಡಿಕಲ್ ಶಾಪಿಂದ ತಂದು ನೆಟ್ಟಲ್ಲಿ ಹುಡುಕಿ "ಡಿಪ್ರೆಶನ್ ಮಾತ್ರೆ ಕೊಟ್ಟಿದ್ದಾರೆ, ನನಗೆ ಹುಚ್ಚು ಅಂದ್ಕೊಂಡ್ರಾ" ಅಂತ ಬೇಜಾರು ಮಾಡ್ಕೊಂಡು ಬಿಟ್ಟುಬಿಡೋರು ಎಷ್ಟೋ ಜನ. ಹಾಗಲ್ಲ, ಮೆದುಳಿಂದ ಬೆನ್ನುಹುರಿಗೆ ಇಳಿದು ನೋವಿನ ಸಿಗ್ನಲ್ಲನ್ನ ತಡಿಯೋ ದಾರಿ ಒಂದಿದೆ, ಈ ಮಾತ್ರೆಗಳು ಅದಕ್ಕೆ ಬಲ ಕೊಡ್ತವೆ, ಖಿನ್ನತೆ ಇಲ್ದಿರೋರಿಗೂ ಕೆಲಸ ಮಾಡ್ತವೆ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ನರದ ತುದೀಲಿ ಕ್ಯಾಲ್ಶಿಯಂ ಒಳಗೆ ಹೋಗೋ ಬಾಗಿಲಿಗೆ ಅಂಟ್ಕೊಂಡು, ಕೆರಳಿರೋ ನರ ಪದೇಪದೇ ಸಿಗ್ನಲ್ ಬಿಡೋದನ್ನ ಕಮ್ಮಿ ಮಾಡ್ತವೆ.

ಇವುಗಳಲ್ಲಿ ಯಾವುದು ಒಳ್ಳೇದು ಅಂತ ಎಲ್ಲರೂ ಕೇಳ್ತಾರೆ. 2022ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ ಆಪ್ಷನ್ ಡಿಎಂ ಅನ್ನೋ ಬ್ರಿಟನ್ನಿನ ಅಧ್ಯಯನದಲ್ಲಿ ಶುಗರಿಂದ ಬಂದ ನರನೋವು ಇರೋರಿಗೆ ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಪ್ರಿಗ್ಯಾಬಲಿನ್ ಮೂರರಲ್ಲಿ ಯಾವುದರಿಂದ ಶುರು ಮಾಡಿದ್ರೂ ಫಲ ಹೆಚ್ಚುಕಮ್ಮಿ ಒಂದೇ ಬಂತು, ಒಂದರಿಂದ ಸಾಲದೇ ಇದ್ದೋರಿಗೆ ಇನ್ನೊಂದು ಸೇರಿಸಿದಾಗ ಇನ್ನಷ್ಟು ಇಳೀತು, ಸರಾಸರಿ ನೋವು ಹತ್ತಕ್ಕೆ 6.6 ಇದ್ದದ್ದು 3.3ಕ್ಕೆ ಬಂತು. ಅಂದ್ರೆ ಆಯ್ಕೆ ಮಾಡ್ಬೇಕಾಗಿರೋದು ಯಾವುದು ಜೋರು ಅಂತ ನೋಡಿ ಅಲ್ಲ, ನಿಮ್ಮ ದೇಹಕ್ಕೆ ಯಾವುದರ ಸೈಡ್ ಎಫೆಕ್ಟ್ ಸಹಿಸೋಕೆ ಆಗುತ್ತೆ ಅಂತ ನೋಡಿ. ಆ 3.3 ಅನ್ನೋ ಸಂಖ್ಯೆನೂ ಗಮನಿಸಿ, ಸೊನ್ನೆ ಅಲ್ಲ. ನೋವು ಅರ್ಧಕ್ಕೆ ಇಳಿದ್ರೆ ಈ ಔಷಧಿಗಳಲ್ಲಿ ಅದು ಒಳ್ಳೇ ಫಲಿತಾಂಶ, ಮೂರನೇ ಒಂದು ಭಾಗ ಇಳಿದ್ರೂ ನಿದ್ದೆ ಬರೋಕೆ ಶುರುವಾಗುತ್ತೆ. ಪೂರ್ತಿ ಹೋಗ್ಲಿಲ್ಲ ಅಂತ ಕೆಲಸ ಮಾಡ್ತಿರೋ ಮಾತ್ರೆನ ಬಿಡೋದು ನೋಡಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ.

ನನ್ನ ಪ್ರಕಾರ ಇಡೀ ವಿಷ್ಯದಲ್ಲಿ ಮುಖ್ಯವಾದ್ದು ಡೋಸ್ ಏರಿಸೋದು. ಈ ಮಾತ್ರೆಗಳು ಸೋಲೋದು ಬಹಳ ಸಲ ಕೆಲಸಕ್ಕೆ ಬರದೇ ಇರೋದ್ರಿಂದ ಅಲ್ಲ, ಸಣ್ಣ ಡೋಸಲ್ಲೇ ನಿಂತುಬಿಡೋದ್ರಿಂದ, ಇಲ್ಲಾ ಮೊದಲ ವಾರದ ಮಂಪರಿಗೆ ಹೆದರಿ ಬಿಡೋದ್ರಿಂದ. ಅಮಿಟ್ರಿಪ್ಟಿಲಿನ್ ಸಾಮಾನ್ಯವಾಗಿ ರಾತ್ರಿ 10 ಮಿಲಿಗ್ರಾಂ ಕೊಟ್ಟು, ವಾರಕ್ಕೋ ಎರಡು ವಾರಕ್ಕೋ ಸ್ವಲ್ಪ ಸ್ವಲ್ಪ ಏರಿಸಿ, ಬೇಕಾದ್ರೆ 75ರವರೆಗೂ ಹೋಗ್ತಾರೆ. ಡುಲೋಕ್ಸೆಟಿನ್ ಬಹಳ ಸಲ 30ರಲ್ಲಿ ಒಂದು ವಾರ, ಆಮೇಲೆ 60. ಪ್ರಿಗ್ಯಾಬಲಿನ್ ರಾತ್ರಿ 25, 50 ಇಲ್ಲಾ 75 ಅಂತ ಶುರುವಾದ್ರೂ ಕೆಲಸ ಮಾಡೋ ಡೋಸು ಬಹುತೇಕ ದಿನಕ್ಕೆ 150ರಿಂದ 300ರ ಆಸುಪಾಸು, ಕೆಲವರಿಗೆ ಇನ್ನೂ ಮೇಲೆ. ಗ್ಯಾಬಪೆಂಟಿನ್ 100 ಅಥವಾ 300ರಿಂದ ಶುರುವಾಗಿ ದಿನಕ್ಕೆ 1800 ಅಥವಾ ಅದಕ್ಕಿಂತ ಜಾಸ್ತಿ ಬೇಕಾಗಬಹುದು, ಅದನ್ನ ಮೂರು ಹೊತ್ತಿಗೆ ಹಂಚ್ಲೇಬೇಕು, ಯಾಕಂದ್ರೆ ಒಂದೇ ಸಲ ಜಾಸ್ತಿ ತಗೊಂಡ್ರೆ ಕರುಳು ಅಷ್ಟನ್ನೂ ಹೀರ್ಕೊಳ್ಳಲ್ಲ. ಈ ಅಂಕಿ ನೋಡಿ ನೀವೇ ಏರಿಸ್ಕೋಬೇಡಿ ದಯವಿಟ್ಟು. ಇವನ್ನ ಹೇಳ್ತಿರೋದು ಯಾಕಂದ್ರೆ, ತಿಂಗಳುಗಟ್ಟಲೆ ರಾತ್ರಿ 75ರ ಒಂದು ಪ್ರಿಗ್ಯಾಬಲಿನ್ ತಗೊಂಡು "ನಂಗೆ ಏನೂ ಆಗ್ಲಿಲ್ಲ" ಅನ್ನೋರು, ಏರಿಸೋಕೆ ಜಾಗ ಇದೆಯಾ ಡಾಕ್ಟ್ರೇ ಅಂತ ಕೇಳ್ಬೇಕು. ಕಿಡ್ನಿ ಸರಿ ಇಲ್ದಿರೋರಿಗೆ ಲೆಕ್ಕವೇ ಬೇರೆ, ಗ್ಯಾಬಪೆಂಟಿನ್ ಪ್ರಿಗ್ಯಾಬಲಿನ್ ಎರಡೂ ಕಿಡ್ನಿ ಮೂಲಕಾನೇ ಹೊರಗೆ ಹೋಗೋದು, ಹಾಗಾಗಿ ಕ್ರಿಯಾಟಿನಿನ್ ರಿಪೋರ್ಟ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತಪರೀಕ್ಷೆ) ಇಲ್ದೆ ಡೋಸ್ ಏರಿಸೋ ಹಾಗಿಲ್ಲ.

ಒಂದೇ ಮಾತ್ರೇಲಿ ಎರಡು ಮೂರು ಔಷಧಿ ಸೇರಿಸಿರೋ ಕಾಂಬಿನೇಷನ್ ಕೊಟ್ಟಿದ್ರೆ ಅದರ ಬಗ್ಗೆನೂ ಡಾಕ್ಟರನ್ನ ಕೇಳಿ, ಯಾಕಂದ್ರೆ ಅದರಲ್ಲಿ ಒಂದನ್ನ ಏರಿಸಿದ್ರೆ ಇನ್ನೊಂದೂ ಏರುತ್ತೆ, ಸೈಡ್ ಎಫೆಕ್ಟ್ ಬಂದ್ರೆ ಯಾವುದರಿಂದ ಅಂತ ಗೊತ್ತಾಗಲ್ಲ. ಶುರುವಿನಲ್ಲಿ ಬಿಡಿಬಿಡಿ ಮಾತ್ರೆ ಇದ್ರೆ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಟೈಮು ಕೂಡ ಮುಖ್ಯ. ಒಳ್ಳೇ ಡೋಸಿಗೆ ತಲುಪಿದ ಮೇಲೆ ಕನಿಷ್ಠ ಎರಡು ವಾರ, ಶುರುವಿಂದ ಲೆಕ್ಕ ಹಾಕಿದ್ರೆ ನಾಲ್ಕರಿಂದ ಆರು ವಾರ, ಗ್ಯಾಬಪೆಂಟಿನ್ನಿಗೆ ಇನ್ನೂ ಸ್ವಲ್ಪ ಜಾಸ್ತಿ ಕೊಟ್ಟು ನೋಡದೇ ತೀರ್ಮಾನ ಮಾಡ್ಬಾರ್ದು. ಇವು ನೋವು ಬಂದಾಗ ಮಾತ್ರ ನುಂಗೋ ಮಾತ್ರೆ ಅಲ್ಲ, ನೋವು ಕಮ್ಮಿ ಇರೋ ದಿನಾನೂ ತಗೋಬೇಕು. ಅಮಿಟ್ರಿಪ್ಟಿಲಿನ್ ತಗೊಂಡು ಬೆಳಿಗ್ಗೆ ಎದ್ದಾಗ ತಲೆ ಭಾರ, ಕಣ್ಣು ಬಿಡೋಕಾಗಲ್ಲ ಅನ್ನೋರು ಅದನ್ನ ಮಲಗೋ ಹೊತ್ತಿಗೆ ಬದಲು ಎರಡು ಮೂರು ಗಂಟೆ ಮುಂಚೆ ತಗೊಂಡ್ರೆ ಬೆಳಗಿನ ಮಂಪರು ಬೇಗ ಬಿಡುತ್ತೆ, ಇದೊಂದು ಬದಲಾವಣೆಯಿಂದ ಮಾತ್ರೆ ಉಳಿಸ್ಕೊಂಡೋರು ಬಹಳ ಜನ. ಡುಲೋಕ್ಸೆಟಿನ್ ವಾಕರಿಕೆ ತರುತ್ತೆ, ಊಟದ ಜೊತೆ ತಗೊಂಡ್ರೆ ಕಮ್ಮಿ, ಒಂದೆರಡು ವಾರದಲ್ಲಿ ಸಾಮಾನ್ಯವಾಗಿ ಹೋಗುತ್ತೆ, ಕ್ಯಾಪ್ಸೂಲ್ ಬಿಚ್ಚಿ ಪುಡಿ ಮಾಡಿ ತಗೋಬಾರ್ದು, ನಿದ್ದೆ ಕೆಡಿಸ್ತಿದ್ರೆ ಬೆಳಿಗ್ಗೆಗೆ ಬದಲಾಯಿಸ್ಬಹುದಾ ಕೇಳಿ. ಅಸಿಡಿಟಿಗೆ ಅಲ್ಯುಮಿನಿಯಂ ಮೆಗ್ನೀಶಿಯಂ ಇರೋ ಔಷಧಿ ತಗೊಳ್ತಿದ್ರೆ ಗ್ಯಾಬಪೆಂಟಿನ್ನಿಗೂ ಅದಕ್ಕೂ ಎರಡು ಗಂಟೆ ಗ್ಯಾಪ್ ಇರ್ಲಿ.

ಸೈಡ್ ಎಫೆಕ್ಟ್ ವಿಷ್ಯದಲ್ಲಿ ಮುಚ್ಚುಮರೆ ಬೇಡ. ಅಮಿಟ್ರಿಪ್ಟಿಲಿನ್ನಿಂದ ಬಾಯಿ ಒಣಗುತ್ತೆ, ಮಲಬದ್ಧತೆ ಆಗುತ್ತೆ, ಪ್ರಾಸ್ಟೇಟ್ ತೊಂದರೆ ಇರೋ ಗಂಡಸರಿಗೆ ಮೂತ್ರ ಕಟ್ಟಬಹುದು, ಕೆಲವು ಥರದ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ರೆ ಅಪಾಯ, ಹೃದಯದ ತೊಂದರೆ ಇದ್ರೆ ಮುಂಚೆ ಇಸಿಜಿ ಬೇಕು. ವಯಸ್ಸಾದೋರು ರಾತ್ರಿ ಎದ್ದು ಬಾತ್‌ರೂಮಿಗೆ ಹೋಗ್ವಾಗ ತಲೆಸುತ್ತಿ ಬೀಳ್ತಾರೆ, ಮೊದಲೇ ಕಾಲು ಮರಗಟ್ಟಿರುತ್ತೆ, ನೆಲ ಸರಿಯಾಗಿ ಗೊತ್ತಾಗಲ್ಲ, ಅದಕ್ಕೆ ಹಾಸಿಗೆ ಅಂಚಲ್ಲಿ ಒಂದು ನಿಮಿಷ ಕೂತು ಆಮೇಲೆ ಏಳ್ಬೇಕು, ದಾರೀಲಿ ಒಂದು ಸಣ್ಣ ದೀಪ ಇರ್ಲಿ. ಪ್ರಿಗ್ಯಾಬಲಿನ್ ಗ್ಯಾಬಪೆಂಟಿನ್ನಿಂದ ತಲೆಸುತ್ತು, ಮಂಪರು, ಕಾಲು ಊತ, ತೂಕ ಏರೋದು. ಡೋಸ್ ಬದಲಾದ ದಿನಗಳಲ್ಲಿ ಗಾಡಿ ಓಡಿಸ್ಬೇಡಿ. ಇವುಗಳ ಜೊತೆ ಮದ್ಯ, ನಿದ್ದೆ ಮಾತ್ರೆ, ಟ್ರಮಡಾಲ್ ಅಥವಾ ಮಾರ್ಫಿನ್ ಥರದ ಜೋರು ನೋವಿನ ಔಷಧಿ ಸೇರಿದ್ರೆ ಉಸಿರಾಟವೇ ನಿಧಾನ ಆಗಬಹುದು, ಶ್ವಾಸಕೋಶದ ಕಾಯಿಲೆ ಇರೋರಿಗೆ ಇನ್ನೂ ಜಾಸ್ತಿ, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಟ್ರಮಡಾಲ್ ಡುಲೋಕ್ಸೆಟಿನ್ ಅಥವಾ ಅಮಿಟ್ರಿಪ್ಟಿಲಿನ್ ಜೊತೆಗೂ ಹೊಂದಲ್ಲ, ಸೆರೊಟೋನಿನ್ ಅನ್ನೋ ಮೆದುಳಿನ ರಾಸಾಯನಿಕ ಜಾಸ್ತಿಯಾಗಿ ನಡುಕ, ಜ್ವರ, ಚಡಪಡಿಕೆ ಬರೋ ಅಪಾಯ ಇದೆ. ಡುಲೋಕ್ಸೆಟಿನ್ ತಗೊಳ್ಳೋರಿಗೆ ಬಿಪಿ ನೋಡ್ತಿರ್ಬೇಕು, ಲಿವರ್ ಕಾಯಿಲೆ ಇದ್ರೆ ಕೊಡಲ್ಲ, ಆಸ್ಪಿರಿನ್ ಥರದ್ದರ ಜೊತೆ ರಕ್ತಸ್ರಾವದ ಸಾಧ್ಯತೆ ಏರುತ್ತೆ. ಯಾವ ಮಾತ್ರೆ ಆದ್ರೂ ಮನಸ್ಸು ತೀರಾ ಕುಗ್ಗೋದು, ಸಾಯೋ ಯೋಚನೆ ಬರೋದು ಆದ್ರೆ ಅದನ್ನ ಮನೇಲಿ ಹೇಳಿ, ಅವತ್ತೇ ಡಾಕ್ಟರಿಗೂ ಹೇಳಿ. ಬಸುರಿ ಆಗಿದ್ರೆ, ಆಗೋ ಯೋಚನೆ ಇದ್ರೆ ಅದನ್ನೂ ಮೊದಲೇ ಹೇಳಿ.

ಮಾತ್ರೆ ಬೇಡ ಅನ್ನೋರಿಗೆ, ಇಲ್ಲಾ ಮಾತ್ರೆ ಜೊತೆಗೆ, ಹಚ್ಚೋ ಔಷಧಿ ಇದೆ. ಕ್ಯಾಪ್ಸೈಸಿನ್ ಅಂದ್ರೆ ಮೆಣಸಿನಕಾಯಿಯ ಖಾರದ ಅಂಶ, 0.075 ಪರ್ಸೆಂಟ್ ಕ್ರೀಮನ್ನ ದಿನಕ್ಕೆ ಮೂರು ನಾಲ್ಕು ಸಲ ವಾರಗಟ್ಟಲೆ ಬಿಡದೇ ಹಚ್ಬೇಕು, ಮೊದಮೊದಲು ಉರಿ ಜಾಸ್ತಿನೇ ಆಗುತ್ತೆ, ಆಮೇಲೆ ಇಳಿಯುತ್ತೆ. ಹಚ್ಚಿದ ಕೈಯನ್ನ ಸೋಪ್ ಹಾಕಿ ತೊಳೀದೆ ಕಣ್ಣು ಮುಟ್ಟಿದ್ರೆ ಆಮೇಲೆ ಒಂದು ಗಂಟೆ ಕಣ್ಣು ಬಿಡೋಕಾಗಲ್ಲ, ಗ್ಲೌಸ್ ಹಾಕ್ಕೊಂಡು ಹಚ್ಚೋದು ವಾಸಿ, ಕೈಬೆರಳಿಗೇ ಹಚ್ಚೋದಾದ್ರೆ ಅರ್ಧ ಗಂಟೆ ಬಿಟ್ಟು ತೊಳೀರಿ. ಗಾಯ, ಬಿರುಕು ಇರೋ ಚರ್ಮಕ್ಕೆ ಬೇಡ. 8 ಪರ್ಸೆಂಟಿನ ಪ್ಯಾಚ್ ಇದೆ, ಅದನ್ನ ಆಸ್ಪತ್ರೆಯಲ್ಲೇ ಹಾಕೋದು, ಹಿಡಿಸಿದೋರಿಗೆ ಸುಮಾರು ಮೂರು ತಿಂಗಳು ಆರಾಮ. ಜಾಗ ಮರಗಟ್ಟಿಸೋ ಲಿಡೋಕೇನ್ 5 ಪರ್ಸೆಂಟ್ ಪ್ಯಾಚ್ 12 ಗಂಟೆ ಹಾಕಿ 12 ಗಂಟೆ ತೆಗೀಬೇಕು, ನೋವು ಒಂದೇ ಜಾಗದಲ್ಲಿ ಇರೋರಿಗೆ ಅದು ಚೆನ್ನಾಗಿ ಆಗುತ್ತೆ.

ಮಾತ್ರೆ ಕೆಲಸ ಮಾಡ್ತಿದೆಯಾ ಅಂತ ತಿಳ್ಕೊಳ್ಳೋಕೆ ಒಂದು ಸಣ್ಣ ನೋಟ್‌ಬುಕ್ ಇಡಿ. ತಾರೀಖು, ಯಾವ ಮಾತ್ರೆ ಎಷ್ಟು, ಹತ್ತಕ್ಕೆ ನೋವು ಎಷ್ಟು, ರಾತ್ರಿ ಎಷ್ಟು ಸಲ ಎದ್ದೆ, ಅಷ್ಟೇ ಸಾಕು. ಅದರ ಜೊತೆ, ಬೆರಳ ಸ್ಪರ್ಶ ಹೇಗಿದೆ ಅಂತ ತಿಳ್ಕೊಳ್ಳೋಕೆ, ಕೈಯಲ್ಲಿ ಮಾಡೋ ಒಂದು ಕೆಲಸ ಆರಿಸ್ಕೊಂಡು ಅದನ್ನೂ ಬರೀರಿ. ನಾನು ಅಂಗಿ ಗುಂಡಿ ಹಾಕೋದನ್ನ ಬರೀತೀನಿ, ಮೇಲಿನ ಗುಂಡಿ ಬೆರಳ ತುದಿಗೆ ಸಿಗ್ತಾ ಇಲ್ವಾ, ನೋಡ್ಕೊಂಡು ಹಾಕ್ಬೇಕಾ, ನೋಡದೇ ಆಗುತ್ತಾ ಅಂತ. ನೋವಿನ ಅಂಕಿ ಮೂಡಿನ ಜೊತೆ ಏರಿಳಿಯುತ್ತೆ, ಗುಂಡಿ ಸುಳ್ಳು ಹೇಳಲ್ಲ. ಆದ್ರೆ ಒಂದು ಮಾತು, ಈ ಮಾತ್ರೆಗಳು ಕಮ್ಮಿ ಮಾಡೋದು ಉರಿ, ಚುಚ್ಚು, ಸೆಳಕನ್ನ. ಮರಗಟ್ಟಿದ ಸ್ಪರ್ಶವನ್ನ ಇವು ವಾಪಸ್ ತರಲ್ಲ, ಅದು ಏನಾದ್ರೂ ಸುಧಾರಿಸಿದ್ರೆ ಕಾರಣಕ್ಕೆ ಚಿಕಿತ್ಸೆ ಆದಾಗ. ಅದಕ್ಕೇ ನೋವು ಇಳಿದ ಮೇಲೂ ದಿನಾ ರಾತ್ರಿ ಅಂಗಾಲು, ಬೆರಳ ಸಂದಿ ನೋಡ್ಲೇಬೇಕು, ಬಗ್ಗೋಕಾಗದಿದ್ರೆ ಕನ್ನಡಿ ಇಟ್ಕೊಂಡು ನೋಡಿ, ಬಿಸಿನೀರಿನ ಶಾಖ ಕೊಡೋಕೆ ಹೋಗ್ಬೇಡಿ, ಸುಟ್ಟಿದ್ದು ಗೊತ್ತೇ ಆಗಲ್ಲ.

ಮಾತ್ರೆ ಬಿಡೋದಾದ್ರೆ ಧಿಡೀರ್ ಅಂತ ಬಿಡ್ಬೇಡಿ. ಪ್ರಿಗ್ಯಾಬಲಿನ್ ಗ್ಯಾಬಪೆಂಟಿನ್ ಕನಿಷ್ಠ ಒಂದು ವಾರ, ತುಂಬಾ ದಿನ ತಗೊಂಡಿದ್ರೆ ಇನ್ನೂ ನಿಧಾನಕ್ಕೆ ಇಳಿಸ್ಬೇಕು, ಇಲ್ಲಾಂದ್ರೆ ಬೆವರು, ಕಳವಳ, ನಿದ್ದೆಗೇಡು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಡುಲೋಕ್ಸೆಟಿನ್ ಒಮ್ಮೆಗೇ ನಿಂತ್ರೆ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟ್ ಹೊಡೆದಂಗೆ ಆಗುತ್ತೆ. ಅದಕ್ಕೆ ಸ್ಟ್ರಿಪ್ಪಲ್ಲಿ ನಾಲ್ಕೈದು ಮಾತ್ರೆ ಉಳಿದಿರೋವಾಗ್ಲೇ ಹೊಸದು ತಂದಿಡಿ, ಊರಿಗೆ ಹೋಗ್ವಾಗ ಎರಡು ದಿನದ್ದು ಜಾಸ್ತಿ ಇಟ್ಕೊಳ್ಳಿ. ಎರಡು ಮೂರು ಔಷಧಿ ಸರಿಯಾದ ಡೋಸಲ್ಲಿ ಸರಿಯಾದ ಟೈಮ್ ಕೊಟ್ಟು ನೋಡಿದ್ರೂ ನೋವು ಇಳೀದಿದ್ರೆ ನ್ಯೂರಾಲಜಿ ಅಥವಾ ನೋವಿನ ಕ್ಲಿನಿಕ್ಕಿಗೆ ಕಳಿಸಿ ಅಂತ ಕೇಳೋದ್ರಲ್ಲಿ ತಪ್ಪೇನಿಲ್ಲ, ಆ ನೋಟ್‌ಬುಕ್ ಜೊತೆಗೆ ತಗೊಂಡು ಹೋಗಿ.

ಕೆಲವು ಸಲ ಮಾತ್ರೆ ಏರಿಸಿ ಕಾಯೋ ಹಾಗಿಲ್ಲ, ನೇರ ಆಸ್ಪತ್ರೆಗೆ ಹೋಗ್ಬೇಕು. ಕೆಲವೇ ದಿನದಲ್ಲಿ ಕಾಲಿನ ಶಕ್ತಿ ಹೋಗಿ ಅದು ಮೇಲಕ್ಕೆ ಏರ್ತಾ ಬಂದ್ರೆ, ಮೂತ್ರ ಮಲದ ಹಿಡಿತ ತಪ್ಪಿದ್ರೆ, ತೊಡೆ ಸಂದಿ ಮರಗಟ್ಟಿದ್ರೆ, ಒಂದೇ ಕಡೆ ಕೈ ಕಾಲು ಇದ್ದಕ್ಕಿದ್ದಂತೆ ಜೋಮು ಹಿಡಿದು ಮಾತು ತೊದಲಿದ್ರೆ, ಪಾದದಲ್ಲಿ ಗಾಯ ಕೀವಾಗಿ ಕಪ್ಪಾಗ್ತಿದ್ರೆ, ಬೆಳಗಾಗ್ಲಿ ನೋಡೋಣ ಅನ್ಬೇಡಿ.