ಸಿರುಗುಪ್ಪ ರಸ್ತೆಗೆ ಹೊಂದುವ ಸೀಟು: ಕಾರು ಕೊಂಡ ನನ್ನ ಅನುಭವ

ಶೋರೂಮಿನಲ್ಲಿ ಎಲ್ಲ ಕಾರಿನ ಸೀಟೂ ಚೆನ್ನಾಗೇ ಇರುತ್ತದೆ. ತಣ್ಣನೆ ಎಸಿ, ಕೈಗೊಂದು ಕಾಫಿ, ಐದು ನಿಮಿಷ ಕೂತು ಏಳುವುದು. ಅಷ್ಟರಲ್ಲಿ ಯಾವುದು ಮೆತ್ತಗಿದೆಯೋ ಅದೇ ಒಳ್ಳೆಯದು ಅನ್ನಿಸುತ್ತದೆ. ಆ ಮೆತ್ತನೆ ಸೀಟಿನ ಬಣ್ಣ ಬಯಲಾಗುವುದು ಬಳ್ಳಾರಿ ಬಿಟ್ಟು ಸಿಂದಿಗೇರಿ ದಾಟಿದ ಮೇಲೆ. ಫೋಮ್ ಕುಗ್ಗಿ, ಭಾರವೆಲ್ಲ ಬಾಲಮೂಳೆಯ ಮೇಲೆ ಬಿದ್ದು, ಒಂದು ಸಲ ಎಡಕ್ಕೆ ಒಂದು ಸಲ ಬಲಕ್ಕೆ ಹೊರಳಿ ಕೂರುವುದು ಶುರುವಾಗುತ್ತದೆ. ಸ್ವಲ್ಪ ಗಟ್ಟಿ ಅನ್ನಿಸಿದ ಸೀಟು ತೆಕ್ಕಲಕೋಟೆ ದಾಟಿದರೂ ತಕರಾರಿಲ್ಲದೆ ಹೊತ್ತುಕೊಂಡು ಹೋಗುತ್ತದೆ.

ನಾನು ಸಿರುಗುಪ್ಪದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ಮನೆ ಬಳ್ಳಾರಿಯಲ್ಲಿ. ಹೋಗಲು ಐವತ್ತೈದು ಕಿಲೋಮೀಟರ್ ಆಸುಪಾಸು, ಬರಲು ಅಷ್ಟೇ. ವರ್ಷಗಟ್ಟಲೆ ಬಸ್ಸಿನಲ್ಲೇ ಓಡಾಡಿದವಳು. ಕಾರಿನ ಮಾತು ಎತ್ತಿದಾಗ ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು, "ಏನ್ ಮೇಡಂ, ಬಸ್ ಫ್ರೀ ಐತಲ್ರಿ ನಿಮಗ, ಕಾರ್ ಯಾಕ್ರಿ?" ಅಂದರು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಖರೆ. ಆದರೆ ಬೆಳಿಗ್ಗೆ ಒಂಬತ್ತರ ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕರೆ ಅದೇ ಪುಣ್ಯ. ಮನೆಯಲ್ಲಿ ಅವ್ವನ ಮೊಣಕಾಲು ಬೇರೆ ಕೈಕೊಟ್ಟಿತ್ತು.

ಕಾರಿಗಿಂತ ಮೊದಲು ರಸ್ತೆಯ ಬಗ್ಗೆ ಹೇಳಬೇಕು. ಬಳ್ಳಾರಿಯಿಂದ ಸಿರುಗುಪ್ಪ, ಅಲ್ಲಿಂದ ಸಿಂಧನೂರಿಗೆ ಹೋಗುವ ಈ ದಾರಿ ರಾಷ್ಟ್ರೀಯ ಹೆದ್ದಾರಿ 150ಎ. ಎರಡೂ ಕಡೆ ತುಂಗಭದ್ರಾ ಕಾಲುವೆ ನೀರು, ಭತ್ತ, ಕೆಳಗೆ ಎರೆ ಮಣ್ಣು. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಹಾಗಾಗಿ ಡಾಂಬರು ನುಣ್ಣಗೆ ಕಂಡರೂ ರಸ್ತೆ ಅಲೆಅಲೆಯಾಗಿರುತ್ತದೆ. ಗುಂಡಿಯಾದರೆ ಕಣ್ಣಿಗೆ ಕಾಣುತ್ತದೆ, ತಪ್ಪಿಸಬಹುದು. ಈ ಅಲೆ ಕಾಣುವುದಿಲ್ಲ. ಕಾರಿನ ಮೂಗು ಏಳುತ್ತದೆ, ಬೀಳುತ್ತದೆ, ಅದರ ಜತೆ ನಾವೂ. ಕೂತ ಮನುಷ್ಯನ ಬೆನ್ನುಮೂಳೆಗೆ ಅತಿ ಹೆಚ್ಚು ತಾಗುವುದು ಸೆಕೆಂಡಿಗೆ 4ರಿಂದ 8 ಸಲ ಬರುವ ಮೇಲೆ–ಕೆಳಗಿನ ಕಂಪನ. ಸಣ್ಣ ಕಾರಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಂತರ ಕಡಿಮೆಯಾದ್ದರಿಂದ ತೂಗಾಟ ಒಂದು ಕೈ ಹೆಚ್ಚು. ಟಿಯಾಗೋಗೆ 2400 ಮಿ.ಮೀ., ವ್ಯಾಗನ್ ಆರ್‌ಗೆ 2435, ಸ್ವಿಫ್ಟ್‌ಗೆ 2450. ಇಷ್ಟು ಸಣ್ಣ ವ್ಯತ್ಯಾಸ ನೋಡಿ ಕಾರು ಆರಿಸಲು ಆಗುವುದಿಲ್ಲ. ಶಾಕ್ ಅಬ್ಸಾರ್ಬರ್ ಹೇಗಿದೆ, ಸೀಟು ಹೇಗಿದೆ ಅನ್ನುವುದು ಓಡಿಸಿಯೇ ತಿಳಿಯಬೇಕು.

ಶೋರೂಮಿನವರ ಟೆಸ್ಟ್ ಡ್ರೈವ್ ಅಂದರೆ ಊರೊಳಗಿನ ಅಗಲ ರಸ್ತೆಯಲ್ಲಿ ಒಂದು ಸುತ್ತು, ಅಷ್ಟೇ. "ಸಿರುಗುಪ್ಪ ರೋಡಿಗೆ ಬಿಡ್ರಿ" ಅಂದರೆ ಮುಖ ಮುಖ ನೋಡಿಕೊಂಡರು. ಹಾಗಾಗಿ ಬೇರೆ ದಾರಿ ಹಿಡಿದೆ. ನಮ್ಮ ಕಾಲೇಜಿನ ಅಂಗಳದಲ್ಲೇ ನಾನು ನೋಡುತ್ತಿದ್ದ ಮಾದರಿಗಳೆಲ್ಲ ನಿಂತಿರುತ್ತವಲ್ಲ! ಬಳ್ಳಾರಿಯಿಂದಲೇ ಬರುವ ಸಹೋದ್ಯೋಗಿಗಳನ್ನು ಕೇಳಿದೆ: ಇವತ್ತು ಪೆಟ್ರೋಲ್ ನನ್ನದು, ಹೋಗುವಾಗ ನೀವು ಓಡಿಸಿ, ಬರುವಾಗ ನಾನು. ಯಾರೂ ಬೇಡ ಅನ್ನಲಿಲ್ಲ. ಸಂಜೆ ದಣಿದ ಮೈಯಲ್ಲಿ, ಎದುರು ಭತ್ತದ ಲಾರಿಗಳ ಲೈಟ್ ಹೊಡೆಯುವಾಗ, ಒಂದು ಗಂಟೆಗೂ ಮೇಲೆ ಅದೇ ಸೀಟಿನಲ್ಲಿ ಕೂತರೆ ಸೀಟು ಎಂಥದ್ದು ಅಂತ ತಾನೇ ಹೇಳುತ್ತದೆ. ಎರಡು ಮೂರು ವರ್ಷ ಓಡಿದ ಕಾರಿನ ಸೀಟು ನೋಡುವುದರಲ್ಲಿ ಇನ್ನೊಂದು ಲಾಭ: ಫೋಮ್ ಎಷ್ಟು ಬೇಗ ಕುಸಿಯುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಹೊರಡುವ ಮೊದಲು ಬಂಕಿನಲ್ಲಿ ಗಾಳಿ ನೋಡಿಸುತ್ತಿದ್ದೆ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ ಎಷ್ಟು ಗಾಳಿ ಬೇಕು ಅಂತ ಇರುತ್ತದೆ. ಅದಕ್ಕಿಂತ ಐದಾರು ಪಾಯಿಂಟ್ ಹೆಚ್ಚಿದ್ದರೂ ಒಳ್ಳೆಯ ಕಾರು ಕಟ್ಟಿಗೆ ಬಂಡಿಯಾಗುತ್ತದೆ. ಶೋರೂಮಿನ ಟೆಸ್ಟ್ ಕಾರಿಗೂ ಇದು ಅನ್ವಯ.

ಇನ್ನು ಕೂರುವ ಕ್ರಮ. ನಾನು ಐದಡಿ ಒಂದಿಂಚು, ನಮ್ಮ ಯಜಮಾನರು ಆರಡಿಗೆ ಸ್ವಲ್ಪ ಕಡಿಮೆ. ಇಬ್ಬರಿಗೂ ಒಂದೇ ಕಾರು. ಸಂಕಟವೆಲ್ಲ ಇಲ್ಲೇ ಇತ್ತು.

ಸೊಂಟವನ್ನು ಸೀಟಿನ ಮೂಲೆಗೆ ಒತ್ತಿ ಕೂತು, ಕ್ಲಚ್ ಪೂರ್ತಿ ಒತ್ತಬೇಕು. ಆಗಲೂ ಮೊಣಕಾಲು ಸ್ವಲ್ಪ ಮಡಿಚಿಯೇ ಇರಬೇಕು, ಬೆನ್ನು ಸೀಟು ಬಿಟ್ಟು ಏಳಬಾರದು. ಆಮೇಲೆ ಭುಜ ಒರಗಿಸಿಕೊಂಡೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ನೆತ್ತಿಯ ಮೇಲೆ ಕೂರಬೇಕು. ಎದೆಗೂ ಸ್ಟೀರಿಂಗಿನ ನಡುವಿಗೂ 25 ಸೆಂಟಿಮೀಟರ್ ಅಂತರ ಇರಲೇಬೇಕು, ಏಕೆಂದರೆ ಏರ್‌ಬ್ಯಾಗ್ ಅಲ್ಲಿಂದಲೇ ಸಿಡಿದು ಬರುವುದು. ಕುಳ್ಳಗಿರುವವರಿಗೆ ಈ ಮೂರೂ ಒಟ್ಟಿಗೆ ಕೂಡಿಬರುವುದು ಕಷ್ಟ. ಕ್ಲಚ್ ಮುಟ್ಟಲು ಸೀಟು ಮುಂದೆ ಎಳೆದರೆ ಎದೆ ಸ್ಟೀರಿಂಗಿಗೆ ಅಂಟುತ್ತದೆ. ಸ್ಟೀರಿಂಗ್ ನಮ್ಮ ಕಡೆಗೆ ಎಳೆದುಕೊಳ್ಳುವಂತೆ ಅಥವಾ ಆಚೆ ತಳ್ಳುವಂತೆ ಇದ್ದರೆ ಸರಿಹೋಗುತ್ತದೆ, ಆದರೆ ಈ ಬೆಲೆಯ ಕಾರುಗಳಲ್ಲಿ ಹೆಚ್ಚಾಗಿ ಸಿಗುವುದು ಬರೀ ಮೇಲೆ–ಕೆಳಗೆ ಮಾಡುವ ಸ್ಟೀರಿಂಗ್. ನಾನು ಟೇಪು ಹಿಡಿದು ಅಳೆಯುವುದನ್ನು ನೋಡಿ ಸೇಲ್ಸ್ ಹುಡುಗ, "ಬ್ಲೌಸ್ ಹೊಲಿಯಾಕ ಬಂದೀರೇನು ಮೇಡಂ?" ಅಂತ ನಕ್ಕ. ನಗಲಿ ಬಿಡಿ ಅಂತ ಇನ್ನೊಂದು ಕಾರು ಅಳೆದೆ.

ಇದಕ್ಕೆ ನನಗೆ ಸಿಕ್ಕ ಪರಿಹಾರ ಎಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸಿಕೊಳ್ಳುವ ಕಾರು. ಟ್ರಾಫಿಕ್ಕಿನಲ್ಲಿ ಎಡಗಾಲಿಗೆ ಆರಾಮ ಅಂತ ಜನ ಅದನ್ನು ಕೊಳ್ಳುತ್ತಾರೆ. ನಾನು ಕೊಂಡದ್ದು ನಾಲ್ಕು ಬೆರಳು ಹಿಂದೆ ಕೂರಲು. ಕ್ಲಚ್ ತಳದವರೆಗೆ ತುಳಿಯುವ ಕೆಲಸ ಇಲ್ಲದ್ದರಿಂದ ಸೀಟು ಹಿಂದೆ ಸರಿಯಿತು, ಎದೆಗೆ ಬೇಕಾದ ಅಂತರ ಸಿಕ್ಕಿತು. ಐವತ್ತು ಸಾವಿರದ ಆಸುಪಾಸು ಹೆಚ್ಚು ಕೊಡಬೇಕು, ಗೇರ್ ಬದಲಾಗುವಾಗ ತಲೆ ಒಮ್ಮೆ ತೂಗಿದಂತಾಗುತ್ತದೆ. ನನಗೆ ನಡೆಯಿತು.

ಸೀಟು ಎತ್ತರಿಸುವ ಸೌಲಭ್ಯ ಬಗ್ಗೆಯೂ ಒಂದು ಮಾತು. "ಅದು ಬೇಕಾದ್ರ ಮ್ಯಾಲಿನ ಮಾಡೆಲ್‌ಗೆ ಹೋಗ್ರಿ" ಅಂತಾರೆ, ಹೋಗುವುದು ಒಳ್ಳೆಯದೇ. ಆದರೆ ಕೆಲವು ಕಾರುಗಳಲ್ಲಿ ಲಿವರ್ ಎತ್ತಿದರೆ ಸೀಟಿನ ಹಿಂಭಾಗ ಮಾತ್ರ ಏಳುತ್ತದೆ, ಮುಂಭಾಗ ಇದ್ದಲ್ಲೇ ಇರುತ್ತದೆ. ಎತ್ತರವೇನೋ ಬಂತು, ತೊಡೆಗೆ ಆಸರೆ ಹೋಯಿತು, ಮುಂದಕ್ಕೆ ಜಾರಿದಂತೆ ಆಗುತ್ತದೆ. ಕೂತು, ಎತ್ತಿ, ತೊಡೆಯ ಕೆಳಗೆ ಕೈ ಹಾಕಿ ನೋಡಿದರೆ ತಿಳಿಯುತ್ತದೆ. ಸೀಟಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ಎರಡು ಮೂರು ಬೆರಳು ಜಾಗ ಇರಬೇಕು. ನನಗೆ ಅಷ್ಟೂ ಇರದ ಸೀಟು ಮೀನಖಂಡಕ್ಕೆ ಒತ್ತುತ್ತದೆ. ಯಜಮಾನರಿಗೆ ಅಂಗೈ ಅಗಲ ಉಳಿದು ತೊಡೆ ಗಾಳಿಯಲ್ಲಿ ತೂಗುತ್ತದೆ. ಸಣ್ಣ ಕಾರುಗಳಲ್ಲಿ ಒಳಗೆ ಜಾಗ ಹೆಚ್ಚು ಕಾಣಲಿ ಅಂತ ಸೀಟನ್ನೇ ಗಿಡ್ಡ ಮಾಡಿರುತ್ತಾರೆ ಅನ್ನುವುದು ನನ್ನ ಗುಮಾನಿ.

ಯಾರೂ ಹೇಳದ ವಿಷಯ ಪೆಡಲ್‌ಗಳದ್ದು. ನಮ್ಮ ಕಡೆ ಡ್ರೈವರ್ ಬಲಕ್ಕೆ. ಬಲ ಮುಂಚಕ್ರದ ಕಮಾನು ಕಾಲಿಡುವ ಜಾಗಕ್ಕೆ ನುಗ್ಗಿರುತ್ತದೆ, ಅದಕ್ಕೇ ಪೆಡಲ್‌ಗಳನ್ನು ಎಡಕ್ಕೆ ಸರಿಸಿರುತ್ತಾರೆ. ಕಾರು ಸಣ್ಣದಾದಷ್ಟೂ ಇದು ಹೆಚ್ಚು. ಹೊಕ್ಕುಳು ಸ್ಟೀರಿಂಗಿನ ನೇರಕ್ಕೆ, ಕಾಲು ಮಾತ್ರ ಎಡಕ್ಕೆ ಸೊಟ್ಟ. ಹತ್ತು ನಿಮಿಷಕ್ಕೆ ಇದು ಗೊತ್ತೇ ಆಗುವುದಿಲ್ಲ. ವಾರ ಕಳೆದ ಮೇಲೆ ಸೊಂಟದ ಒಂದೇ ಬದಿ ನೋಯುತ್ತದೆ, ನಾವು ಸೀಟನ್ನು ಬೈಯುತ್ತೇವೆ. ಕಣ್ಣು ಮುಚ್ಚಿ ಸಹಜವಾಗಿ ಬಲಗಾಲು ಚಾಚಿ ನೋಡಿದೆ. ಅದು ಎಕ್ಸಿಲರೇಟರ್ ಮೇಲೆ ಬೀಳಬೇಕು. ಒಂದು ಕಾರಿನಲ್ಲಿ ಬರೀ ಗೋಡೆಗೆ ಬಡಿಯಿತು, ಅದನ್ನು ಅಲ್ಲೇ ಕೈಬಿಟ್ಟೆ. ಎಡಗಾಲು ಊರಲು ಜಾಗ ಇದೆಯಾ ಅಂತಲೂ ನೋಡಬೇಕು, ಎಎಂಟಿಯಲ್ಲಂತೂ ಆ ಕಾಲಿಗೆ ದಾರಿಯುದ್ದಕ್ಕೂ ಅದೇ ನೆಲೆ.

ಹೆಡ್‌ರೆಸ್ಟ್ ತಲೆ ಇಟ್ಟು ಮಲಗಲು ಇರುವುದಲ್ಲ, ಹಿಂದಿನಿಂದ ಗುದ್ದಿದಾಗ ಕತ್ತು ಉಳಿಸಲು. ಅದರ ಮೇಲಂಚು ನೆತ್ತಿಯ ಮಟ್ಟಕ್ಕೆ ಬರಬೇಕು. ಕೆಳಗಿನ ಮಾಡೆಲ್‌ಗಳಲ್ಲಿ ಸೀಟಿಗೇ ಅಂಟಿಸಿದ ಹೆಡ್‌ರೆಸ್ಟ್ ಬರುವುದುಂಟು. ಯಜಮಾನರಿಗೆ ಅದು ಕತ್ತಿನವರೆಗೂ ಬರಲಿಲ್ಲ.

ಹಿಂದಿನ ಸೀಟಿನ ಪರೀಕ್ಷೆ ಅವ್ವನದು. ಮೊಣಕಾಲು ನೋವಿನವರಿಗೆ ಕಾರಿನೊಳಗೆ ಎಷ್ಟು ಜಾಗ ಅನ್ನುವುದಕ್ಕಿಂತ ಒಳಗೆ ಹೋಗುವುದು ಹೇಗೆ ಅನ್ನುವುದೇ ದೊಡ್ಡ ಮಾತು. ಸೀಟು ಸೊಂಟದ ಮಟ್ಟಕ್ಕಿದ್ದರೆ ಹಿಂದೆ ತಿರುಗಿ ಕೂತು ಕಾಲು ಒಳಗೆ ಎಳೆದುಕೊಂಡರೆ ಆಯಿತು. ತಗ್ಗಾಗಿದ್ದರೆ ಬಾಗಿ ಇಳಿಯಬೇಕು, ಏಳುವಾಗ ಕೈ ಹಿಡಿದು ಎಳೆಯಬೇಕು. ವ್ಯಾಗನ್ ಆರ್ 1675 ಮಿ.ಮೀ. ಎತ್ತರ ಇರುವುದಕ್ಕೇ ನಮ್ಮ ಕಡೆ ವಯಸ್ಸಾದವರಿರುವ ಮನೆಗಳಲ್ಲಿ ಅಷ್ಟೊಂದು ಕಾಣುತ್ತದೆ. ಟಾಟಾ ಪಂಚ್‌ನ ಬಾಗಿಲು 90 ಡಿಗ್ರಿ ತೆರೆಯುತ್ತದೆ, ಅದೂ ದೊಡ್ಡ ಅನುಕೂಲ. ಅವ್ವ ಒಂದು ಕಾರಿಗೆ ಹತ್ತಿ, ಇಳಿದು, ಮತ್ತೆ ಹತ್ತಿ, "ಇದ್ರಾಗ ಸೀರಿ ನೆರಿಗಿ ಬಾಗಿಲಿಗೆ ಸಿಗ್ತೈತವ್ವ, ಬ್ಯಾಡ" ಅಂದಳು. ಬಾಗಿಲ ಹೊಸ್ತಿಲು ಅಗಲವಾಗಿತ್ತು, ದೂಳು ಕೂತಿತ್ತು. ನನ್ನ ಟೇಪಿಗೆ ಸಿಗದ ವಿಷಯ ಅದು.

ಹಂಪ್‌ಗಳ ಬಗ್ಗೆ ಬರೆಯದಿದ್ದರೆ ಈ ಭಾಗದವರು ನಗುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ ಇರಬೇಕು. ಹಳ್ಳಿ ದಾರಿಗಳಲ್ಲಿ ಊರವರೇ ಹಾಕಿಕೊಂಡ ಹಂಪ್ ಇದ್ಯಾವುದನ್ನೂ ಕೇಳುವುದಿಲ್ಲ. ನೆಲಕ್ಕೂ ಕಾರಿನ ಹೊಟ್ಟೆಗೂ ಇರುವ ಅಂತರ ಪುಸ್ತಕದ ಲೆಕ್ಕದಲ್ಲಿ ಸ್ವಿಫ್ಟ್‌ಗೆ 163 ಮಿ.ಮೀ., ಟಿಯಾಗೋಗೆ 170, ಪಂಚ್‌ಗೆ 187. ಈ ಅಂಕಿ ಹೆಚ್ಚಾಗಿ ಖಾಲಿ ಕಾರಿನದು. ಹಾಗಾಗಿ ನಾಲ್ಕು ಜನ ಕೂತು, ಡಿಕ್ಕಿಯಲ್ಲಿ 25 ಕಿಲೋ ಸೋನಾ ಮಸೂರಿಯ ಎರಡು ಚೀಲ ಹಾಕಿಸಿ ದಾಟಿ ನೋಡಿದೆ. ಸಿರುಗುಪ್ಪದಿಂದ ಅಕ್ಕಿ ತರದ ಮನೆ ಬಳ್ಳಾರಿಯಲ್ಲಿ ಯಾವುದಿದೆ? ಸಿಎನ್‌ಜಿ ಬೇಕು ಅನ್ನುವವರು ಸಿಲಿಂಡರ್ ಹಾಕಿದ ಮೇಲೆ ಆ ಚೀಲ ಎಲ್ಲಿ ಕೂರುತ್ತದೆ ಅಂತ ಮೊದಲೇ ನೋಡಲಿ.

ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಕಾಲೇಜಿನ ಅಂಗಳದಲ್ಲಿ ನೆರಳಿಲ್ಲ. ಕಪ್ಪು ರೆಕ್ಸಿನ್ ಸೀಟಿನ ಮೇಲೆ ಮಧ್ಯಾಹ್ನ ಕೈ ಇಡಲಾಗುವುದಿಲ್ಲ, ಬೆನ್ನು ಬೆವರಿ ಅಂಟುತ್ತದೆ. ತಿಳಿ ಬಣ್ಣದ ಬಟ್ಟೆ ಸೀಟೇ ಮೇಲು, ಕೊಳೆ ಕಾಣುತ್ತದೆ ಅನ್ನುವುದನ್ನು ಬಿಟ್ಟರೆ. ಕಾರಿನ ಬಣ್ಣ ಬಿಳಿ, ಚರ್ಚೆಯೇ ನಡೆಯಲಿಲ್ಲ. ಕಿಟಕಿಗೆ ಕಪ್ಪು ಫಿಲ್ಮ್ ಹಾಕಿಕೊಡುತ್ತೇವೆ ಅನ್ನುವವರು ಹೆಜ್ಜೆಗೊಬ್ಬರು; ನಿಯಮದ ಪ್ರಕಾರ ಮುಂದಿನ–ಹಿಂದಿನ ಗಾಜಿನಲ್ಲಿ 70%, ಬದಿಯ ಗಾಜಿನಲ್ಲಿ 50% ಬೆಳಕು ಹಾಯಲೇಬೇಕು.

ಸುರಕ್ಷತೆಯ ನಕ್ಷತ್ರಗಳನ್ನು ನಾನು ಕೊನೆಗೆ ಅಲ್ಲ, ಮೊದಲಿಗೇ ನೋಡಿ ಪಟ್ಟಿ ಕಿರಿದು ಮಾಡಿಕೊಂಡಿದ್ದೆ. ಹೆದ್ದಾರಿಯಲ್ಲಿ ಎದುರು ಬರುವುದು ಲಾರಿ. ಕಾರನ್ನು ಗುದ್ದಿಸಿ ನೋಡಿ ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಕ್ಯಾಪ್‌ನ ಹಳೆಯ ಫಲಿತಾಂಶಗಳಿವೆ, 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಕೂಡ ಇದೆ. ಬೆಲೆಗೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18%ಕ್ಕೆ ಇಳಿಯಿತು. ಮೊದಲು 28%, ಮೇಲೆ ಸೆಸ್. ಉಳಿದ ದುಡ್ಡಿನಲ್ಲಿ ನಾವು ಒಂದು ಮಾಡೆಲ್ ಮೇಲೆ ಹೋದೆವು, ಸೀಟು ಎತ್ತರಿಸುವ ಲಿವರ್ ಬಂತು.

ಯಾವ ಕಾರು ಅಂತ ಎಲ್ಲರೂ ಕೇಳುತ್ತಾರೆ. ಹೇಳುವುದಿಲ್ಲ. ಹೇಳಿದರೆ ನೀವು ಅದರಲ್ಲಿ ಕೂತು ನೋಡದೆಯೇ ಬುಕ್ ಮಾಡುತ್ತೀರಿ, ನಿಮ್ಮ ಕಾಲಿನ ಉದ್ದ ನನಗೆ ಗೊತ್ತಿಲ್ಲ.

ಕಾರು ಮನೆಗೆ ಬಂದ ದಿನವೇ ನೆಂಟರು ಸೀಟ್ ಕವರ್ ಹಾಕಿಸಲು ಹೇಳಿದರು. ನಮ್ಮ ಕಾರಿನಲ್ಲಿ ಬದಿಯ ಏರ್‌ಬ್ಯಾಗ್ ಮುಂದಿನ ಸೀಟಿನ ಹೊರಬದಿಯಲ್ಲೇ ಹುದುಗಿದೆ. ಕವರ್ ಬಿಗಿಯಾಗಿ ಹೊಲಿದರೆ ಅದು ಹೊರಬರಲು ದಾರಿಯೇ ಇಲ್ಲ. ಅಂಗಡಿಯವನಿಗೆ ಆ ಜಾಗ ಬಿಟ್ಟು ಹೊಲಿದದ್ದು ಇದೆಯಾ ಅಂದೆ. "ಯಾರೂ ಕೇಳಂಗಿಲ್ರಿ ಮೇಡಂ, ಎಲ್ರಿಗೂ ಇದನ್ನೇ ಹಾಕೋದು" ಅಂದ. ಹಾಕಿಸಲಿಲ್ಲ. ದಪ್ಪ ಮ್ಯಾಟ್ ಕೂಡ ಬ್ರೇಕ್ ಪೆಡಲ್ ಕೆಳಗೆ ಮಡಚಿಕೊಳ್ಳುತ್ತಿತ್ತು, ತೆಗೆದು ತೆಳ್ಳನೆಯದು ಹಾಕಿ ಕೊಕ್ಕೆಗೆ ಸಿಕ್ಕಿಸಿದೆ. ಸೊಂಟದ ಹಿಂದೆ ಟವೆಲ್ ಸುತ್ತಿ ಇಟ್ಟುಕೊಂಡೆ. ಯಜಮಾನರು ಓಡಿಸುವ ದಿನ ಅದು ಹಿಂದಿನ ಸೀಟಿಗೆ ಹೋಗುತ್ತದೆ, ಮರುದಿನ ನಾನು ಎಲ್ಲವನ್ನೂ ಮೊದಲಿಂದ ಸರಿಪಡಿಸಿಕೊಳ್ಳಬೇಕು.