ಮಾತಿನ ಬಾಲ ಹಿಡಿದು ಕ್ಯಾಂಟನೀಸ್ ಕಲಿಯಿರಿ

'ಸಿಕ್ ಫಾನ್ ಲಾ.' ಹಾಂಗ್‌ಕಾಂಗ್‌ನ ಮನೆಗಳಲ್ಲಿ ಊಟದ ಹೊತ್ತಿಗೆ ಕೇಳುವ ಮಾತಿದು. ಸಿಕ್ ಅಂದರೆ ತಿನ್ನು, ಫಾನ್ ಅಂದರೆ ಅನ್ನ. ಕೊನೆಯ 'ಲಾ' ದನಿಯನ್ನು ಮೇಲೆ ಇಟ್ಟು ಸಮನಾಗಿ ಎಳೆದರೆ 'ಬನ್ನಿ, ಊಟ ಮಾಡಿ' ಎಂಬ ಒತ್ತಾಯ. ಅದನ್ನೇ ನಡು ದನಿಯಲ್ಲಿ ಹೇಳಿದರೆ 'ಊಟದ ಹೊತ್ತಾಯ್ತು'.

ಹಾಗಾಗಿ ಮೊದಲ ಕೆಲಸ ದನಿ. ಕ್ಯಾಂಟನೀಸ್‌ನಲ್ಲಿ 6 ದನಿಗಳಿವೆ. ದನಿ ಬದಲಾದರೆ ಪದವೇ ಬದಲಾಗುತ್ತದೆ. ನಾವು ದನಿ ಏರಿಸಿ ಇಳಿಸಿ ತೋರಿಸುವ ಅಚ್ಚರಿ, ಸಲುಗೆ, ಬೇಸರವನ್ನು ಅಲ್ಲಿ ಬಹಳಮಟ್ಟಿಗೆ ಬಾಲಗಳೇ, ಅಂದರೆ 'ಲಾ'ದಂತೆ ಮಾತಿನ ಕೊನೆಗೆ ಅಂಟುವ ಪುಟ್ಟ ಪದಗಳೇ, ಹೊರುತ್ತವೆ. ಪ್ರತಿ ಬಾಲವನ್ನೂ ಅದರ ದನಿಯ ಜೊತೆಗೇ ಬಾಯಿಪಾಠ ಮಾಡಿ.

ಆಮೇಲೆ ಒಂದೇ ವಾಕ್ಯ ಹಿಡಿಯಿರಿ. 'ಖೊಯ್ ಮ್ ಲೈ': ಅವನು ಬರಲ್ಲ. (ಖೊಯ್ ಅಂದರೆ ಅವಳೂ ಹೌದು.) ಬಾಲ ಮಾತ್ರ ಬದಲಿಸುತ್ತಾ ಹೋಗಿ. ನಡು ದನಿಯ 'ಲಾ' ಸೇರಿಸಿದರೆ 'ಇನ್ನು ಬರಲ್ಲ', ಅಂದರೆ ಪರಿಸ್ಥಿತಿ ಬದಲಾಯ್ತು. ಮೇಲಿನ ದನಿಯ 'ಮೆ' ಸೇರಿಸಿದರೆ 'ಏನು, ಬರಲ್ವಾ?' ಬರುತ್ತಾನೆ ಅಂದುಕೊಂಡಿದ್ದವರ ಪ್ರಶ್ನೆ ಇದು. ಸುಮ್ನೆ ವಿಚಾರಿಸಲು 'ಮೆ' ಬಳಸಬೇಡಿ, ಎದುರಿನವರಿಗೆ ನೀವು ನಂಬುತ್ತಿಲ್ಲ ಅನ್ನಿಸುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಬಾಲ: ಕೆಳಗಿನಿಂದ ಮೇಲೇರುವ 'ವೋ'. 'ಖೊಯ್ ಮ್ ಲೈ ವೋ' ಅಂದರೆ 'ಅವನು ಬರಲ್ವಂತೆ'. ಹೌದು, ನಮ್ಮ 'ಅಂತೆ'ಯೇ! ಸುದ್ದಿ ಬೇರೆಯವರದು, ಅದರ ಹೊಣೆ ನನ್ನದಲ್ಲ ಎಂಬ ಎರಡೂ ಅರ್ಥ ಅದರಲ್ಲಿವೆ. ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ಒಂದು ಸಾಲು ಬೇಕು, ಕನ್ನಡದವರಿಗೆ ಒಂದು ಪದ ಸಾಕು. ಆದರೆ ಜೋಪಾನ. ಅದೇ 'ವೋ' ನಡು ದನಿಗೆ ಬಂದರೆ 'ಬರಲ್ಲ ನೋಡಿ' ಎಂದು ಗಮನ ಸೆಳೆದಂತೆ. ಆಗ ಅದು ನಿಮ್ಮದೇ ಮಾತಾಗುತ್ತದೆ.

ಪ್ರಶ್ನೆ ಕೇಳುವಾಗ ನಡು ದನಿಯ 'ಆ' ಮರೆಯಬೇಡಿ. 'ಸಿಕ್ ಚೊ ಫಾನ್ ಮೇಯ್ ಆ?' ಅಂದರೆ 'ಊಟ ಆಯ್ತಾ?' ಆ 'ಆ' ಬಿಟ್ಟರೆ ಮಾತು ಒರಟಾಗಿ ಕೇಳಿಸಬಹುದು. ನಮ್ಮಲ್ಲಿ 'ರೀ' ಬಿಟ್ಟು ಮಾತಾಡಿದ ಹಾಗೆ.

ಇಷ್ಟು ನಾಲಿಗೆಗೆ ಹತ್ತಿದ ಮೇಲೆ ಬಾಲಕ್ಕೆ ಬಾಲ ಕಟ್ಟಿ. 'ಕಾ ಲಾ ವೋ' ಎಂದು ಮೂರು ಒಟ್ಟಿಗೆ ಬರುವುದೂ ಉಂಟು. ಇವು ಔಪಚಾರಿಕ ಬರಹದಲ್ಲಿ ಸಿಗುವುದು ಕಡಿಮೆ, ಪತ್ರಿಕೆ ಓದಿ ಕಲಿಯಲಾಗದು. ಹಾಂಗ್‌ಕಾಂಗ್‌ನ ಧಾರಾವಾಹಿಯೊಂದರ ಐದು ನಿಮಿಷ ಹಾಕಿಕೊಳ್ಳಿ. ಅರ್ಥ ಬಿಡಿ, ಪ್ರತಿ ಮಾತಿನ ಕೊನೆಯ ಉಸಿರನ್ನಷ್ಟೇ ಕೇಳಿ ಬರೆದುಕೊಳ್ಳಿ.