ಮಯೋರ್ಕಾದ ಬೆಟ್ಟಗಳಲ್ಲಿ ಒಂದು ವಾರ ಸೈಕಲ್: ನಾನು ಲೆಕ್ಕ ಹಾಕಿದ ಬಗೆ

ನಕ್ಷೆಯಲ್ಲಿ ಮಯೋರ್ಕಾ ಪುಟ್ಟದಾಗಿ ಕಾಣುತ್ತದೆ. ಈ ತುದಿಯಿಂದ ಆ ತುದಿಗೆ ಸುಮಾರು ನೂರು ಕಿ.ಮೀ. ಅದನ್ನು ನೋಡಿಯೇ ಬಹಳ ಜನ ದಿನಕ್ಕೆ ನೂರಿಪ್ಪತ್ತು ಕಿ.ಮೀ. ಅಂತ ಪ್ಲಾನ್ ಬರೆದುಕೊಂಡು ಹೋಗುತ್ತಾರೆ, ಮೂರನೇ ದಿನ ಮಂಡಿ ಹಿಡಿದು ಕೂರುತ್ತಾರೆ. ಸ್ಪೇನಿನ ಈ ದ್ವೀಪದ ವಾಯವ್ಯ ತೀರದುದ್ದಕ್ಕೂ ಸೆರ್ರಾ ದೆ ತ್ರಾಮುಂತಾನಾ ಬೆಟ್ಟಸಾಲಿದೆ. ಅದರ ಅತಿ ಎತ್ತರದ ಶಿಖರ ಪುಚ್ ಮಜೋರ್ 1,445 ಮೀಟರ್, ನಮ್ಮ ನಂದಿಗಿಂತ ಒಂದಿಷ್ಟು ಕಡಿಮೆಯೇ. ಡಾಂಬರು ರಸ್ತೆಯಂತೂ 850 ಮೀಟರ್ ಆಸುಪಾಸಿನ ಸುರಂಗ ದಾಟಿ ಮತ್ತೆ ಇಳಿಯುತ್ತದೆ. ಇಷ್ಟೇನಾ ಅನ್ನಬೇಡಿ. ನಂದಿಯ ಬುಡವೇ ಸಾವಿರ ಮೀಟರಿನ ಹತ್ತಿರ ಇದೆ. ಇಲ್ಲಿ ಏರು ಶುರುವಾಗುವುದು ಸಮುದ್ರದ ಅಂಚಿನಿಂದ. ಅದಕ್ಕೇ ನನ್ನ ಪಟ್ಟಿಯಲ್ಲಿ ಏರಬೇಕಾದ ಮೀಟರಿಗೆ ಮೊದಲ ಕಾಲಂ, ಕಿ.ಮೀ.ಗೆ ಎರಡನೆಯದು.

ಲೆಕ್ಕ ಗೇರಿನಿಂದ ಶುರುವಾಗುತ್ತದೆ. ಮುಂದೆ ಪೆಡಲ್ ಬಳಿ 34 ಹಲ್ಲಿನ ಸಣ್ಣ ಚೈನ್‌ರಿಂಗ್ (ಚೈನು ಕೂರುವ ಹಲ್ಲುಚಕ್ರ), ಹಿಂದಿನ ಗಾಲಿಯಲ್ಲಿ 32 ಹಲ್ಲಿನದು ಹಾಕಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 8 ಕಿ.ಮೀ. ಶೇ 7ರ ಏರಿನಲ್ಲಿ ಆ ವೇಗಕ್ಕೆ ಗಂಟೆಗೆ 560 ಮೀಟರ್ ಎತ್ತರ ದಕ್ಕುತ್ತದೆ. ಸವಾರ, ಸೈಕಲ್, ನೀರು ಎಲ್ಲ ಸೇರಿ 80 ಕೆ.ಜಿ. ಇದ್ದರೆ ಕಾಲು ಕೊಡಬೇಕಾದದ್ದು 130 ವ್ಯಾಟ್ ಆಸುಪಾಸು. ಹಿಂದೆ ದೊಡ್ಡದೆಂದರೆ 28 ಹಲ್ಲೇ ಇದ್ದರೆ ಅದೇ 60 ಸುತ್ತಿಗೆ 150 ವ್ಯಾಟ್ ಬೇಕು. ಇಪ್ಪತ್ತು ವ್ಯಾಟ್ ತಾನೇ ಅನ್ನಿಸುತ್ತದೆ. ಒಂದು ಗಂಟೆಗೂ ಮೀರಿ ಅದನ್ನು ಹಿಡಿಯಲಾಗದೆ ಸುತ್ತು 45ಕ್ಕೆ ಇಳಿದಾಗ ಏಟು ಬೀಳುವುದು ಮಂಡಿಗೆ. ಹಾಗಾಗಿ ಬಾಡಿಗೆ ಸೈಕಲ್ ಕಾಯ್ದಿರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಬ್ರ್ಯಾಂಡ್ ಯಾವುದು ಅಂತಲ್ಲ, ಕ್ಯಾಸೆಟ್‌ನಲ್ಲಿ, ಅಂದರೆ ಹಿಂದಿನ ಗಾಲಿಯ ಹಲ್ಲುಚಕ್ರಗಳ ಜೋಡಣೆಯಲ್ಲಿ, ದೊಡ್ಡ ಚಕ್ರ ಎಷ್ಟು ಹಲ್ಲಿನದು ಅಂತ. 32 ಇರಲಿ, 34 ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ನಾಚಿಕೆ ಏನಿಲ್ಲ.

ಇದರಿಂದ ದಿನದ ಸಮಯ ಹೊರಡುತ್ತದೆ. ನೂರು ಕಿ.ಮೀ. ದಾರಿ, 2,200 ಮೀಟರ್ ಏರು ಅಂದುಕೊಳ್ಳಿ. ಏರಿಗೇ ನಾಲ್ಕು ಗಂಟೆ ಬೇಕು, ಅಷ್ಟರಲ್ಲಿ ಮುಗಿದಿರುವುದು ಮೂವತ್ತೆರಡು ಮೂವತ್ತನಾಲ್ಕು ಕಿ.ಮೀ. ಮಾತ್ರ. ಉಳಿದ ದಾರಿಗೆ ಗಂಟೆಗೆ 25 ಹಿಡಿದರೆ ಇನ್ನೂ ಎರಡೂವರೆ ಗಂಟೆಗೆ ಮೇಲೆ. ಕಾಫಿ, ನೀರು, ಫೋಟೊ ಅಂತ ಒಂದೂವರೆ ಗಂಟೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ ವಾಪಸು ಬರುವುದು ಸಂಜೆ ನಾಲ್ಕಕ್ಕೆ. ಬೆಂಗಳೂರಿನಲ್ಲಿ ತಯಾರಿ ಮಾಡುವವರು ನಂದಿಯನ್ನು ಒಂದೇ ಬೆಳಿಗ್ಗೆ ಎರಡು ಸಲ ಕೂತುಕೊಂಡೇ ಹತ್ತಿ ಇಳಿಯುವಂತಾದರೆ ಇಂಥ ದಿನಕ್ಕೆ ಸಿದ್ಧ.

ಕಾಲ ಏಪ್ರಿಲ್ ಇಲ್ಲವೇ ಅಕ್ಟೋಬರ್. ಜುಲೈ, ಆಗಸ್ಟ್ ಬೇಡವೇ ಬೇಡ, ಸುಣ್ಣಕಲ್ಲಿನ ಬೆಟ್ಟ ಕಾದ ಹಂಚಾಗಿರುತ್ತದೆ. ಏಪ್ರಿಲ್ ಕೊನೆಗೆ 312 ಕಿ.ಮೀ.ನ ದೊಡ್ಡ ಸೈಕಲ್ ಕೂಟ ನಡೆಯುವುದರಿಂದ ಆ ವಾರ ರೂಮೂ ಸಿಗುವುದಿಲ್ಲ, ಒಳ್ಳೆಯ ಸೈಕಲ್ಲೂ ಸಿಗುವುದಿಲ್ಲ. ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಹಾಕಬಹುದು. ಕನಿಷ್ಠ 30,000 ಯೂರೊ ವಿಮೆ ಕಡ್ಡಾಯ. ಪಾಲಿಸಿಯಲ್ಲಿ ಸೈಕಲ್ ಸವಾರಿಯನ್ನು ಸಾಹಸ ಕ್ರೀಡೆಗೆ ಸೇರಿಸಿ ಹೊರಗಿಟ್ಟಿದ್ದಾರೆಯೇ ಎಂದು ಸಣ್ಣಕ್ಷರ ಓದಿ ನೋಡಿ. ಎಲ್ಲರೂ ಬಿಡುವುದು ಇದನ್ನೇ.

ಒಂದೇ ಊರಿನಲ್ಲಿ ಠಿಕಾಣಿ ಹೂಡುವುದು ನನ್ನ ಪದ್ಧತಿ. ಸಾಮಾನು ಹೊತ್ತು ಊರೂರು ತಿರುಗಿದರೆ ಹತ್ತು ಕೆ.ಜಿ. ಹೆಚ್ಚಿಗೆ ಬೆಟ್ಟ ಹತ್ತಿಸಬೇಕು. ಉತ್ತರದ ಪೋರ್ಟ್ ದೆ ಪೊಯೆನ್ಸಾ ಸರಿಯಾದ ಜಾಗ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಒಳನಾಡಿನ ಬಯಲು. (ಫಲಕಗಳಲ್ಲಿ ಇರುವುದು ಕತಲಾನ್ ಹೆಸರು. ಎರಡು ‘ಎಲ್’ ಜೊತೆಗೆ ಬಂದರೆ ‘ಯ’ ಹತ್ತಿರದ ಉಚ್ಚಾರ. ‘ಪೊಲ್ಲೆಂಕಾ’ ಅಂತ ದಾರಿ ಕೇಳಿದರೆ ಮುಖ ನೋಡುತ್ತಾರೆ.)

ದಿನಗಳನ್ನು ಜೋಡಿಸುವಾಗ ಒಂದು ದಿನ ಬೆಟ್ಟ, ಒಂದು ದಿನ ಬಯಲು. ಮೊದಲ ದಿನ ಅಲ್ಕೂದಿಯಾ ಕಡೆ ನಲವತ್ತು ಕಿ.ಮೀ., ಸೀಟು ಸರಿಮಾಡಿಕೊಳ್ಳಲು, ಬಲಗಡೆ ಓಡಿಸುವುದು ರೂಢಿಯಾಗಲು. ಎರಡನೇ ದಿನ ಕೋಲ್ ದೆ ಫೆಮೆನಿಯಾ (ಕೋಲ್ ಅಂದರೆ ಘಟ್ಟ) ಹತ್ತಿ ಲ್ಯುಕ್ ಮಠದವರೆಗೆ ಹೋಗಿ, ಕೋಲ್ ದೆ ಸಾ ಬತಾಯಾದಿಂದ ಕೈಮಾರಿಗೆ ಇಳಿದು, ಬಯಲಲ್ಲಿ ವಾಪಸು. ಈ ಎರಡನೇ ಘಟ್ಟ ಎಂಟು ಕಿ.ಮೀ., ಸರಾಸರಿ ಶೇ 5. ತುದಿಯ ಪೆಟ್ರೋಲ್ ಬಂಕ್ ಪಕ್ಕದ ಕೆಫೆಯಲ್ಲಿ ದ್ವೀಪದ ಅರ್ಧ ಸೈಕಲ್‌ಗಳು ನಿಂತಿರುತ್ತವೆ. ಮೂರನೇ ದಿನ ಸಿನೆಯು, ಪೆತ್ರಾ ಕಡೆಯ ಕಲ್ಲುಗೋಡೆಗಳ ನಡುವಿನ ಸಣ್ಣ ದಾರಿಗಳು. ನಾಲ್ಕನೇ ದಿನ ಸಾ ಕಲೋಬ್ರಾ. ಐದನೆಯ ದಿನ ರಜೆ. ಆರನೇ ದಿನ ಫೊರ್ಮೆಂತೋರ್ ದೀಪಸ್ತಂಭ, ಹೋಗಿಬರಲು ನಲವತ್ತು ಕಿ.ಮೀ. ಅಷ್ಟೇ ಆದರೂ ಏರಿಳಿತ ಮುಗಿಯುವುದೇ ಇಲ್ಲ. ಗಾಳಿ ಜೋರಾಗಿದ್ದ ದಿನ ಅಲ್ಲಿಗೆ ಹೋಗಬೇಡಿ, ತಿರುವಿನಲ್ಲಿ ಅಡ್ಡಗಾಳಿ ಸೈಕಲ್ಲನ್ನೇ ತಳ್ಳುತ್ತದೆ. ಏಳನೆಯದು ಹವೆ ಕೆಟ್ಟರೆ ಅಂತ ಖಾಲಿ.

ಸಾ ಕಲೋಬ್ರಾ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಆಂತೋನಿಯೊ ಪರಿಯೆತ್ತಿ ಎಂಬ ಎಂಜಿನಿಯರ್ 1932ರಲ್ಲಿ ಕಟ್ಟಿಸಿದ ರಸ್ತೆ ಇದು. ಒಂಬತ್ತೂವರೆ ಕಿ.ಮೀ.ನಲ್ಲಿ 26 ಹೇರ್‌ಪಿನ್ ತಿರುವು, ಸರಾಸರಿ ಶೇ 7. ಮೇಲ್ಭಾಗದಲ್ಲಿ ಜಾಗ ಸಾಲದೆ ರಸ್ತೆ 270 ಡಿಗ್ರಿ ಸುತ್ತಿ ತನ್ನದೇ ಹೊಟ್ಟೆಯಡಿ ನುಸುಳುತ್ತದೆ. ಅದಕ್ಕೆ ‘ಟೈ ಗಂಟು’ ಅಂತಲೇ ಹೆಸರು. ಬೇರೆ ಘಟ್ಟಗಳಿಗಿಂತ ಇದು ಉಲ್ಟಾ. ಮೊದಲು ಇಳಿಯಬೇಕು, ಕೆಳಗೆ ಸಮುದ್ರ, ಹಿಂದಿರುಗಲು ಅದೇ ರಸ್ತೆ. ಇಳಿಯುವಾಗ ಸುಸ್ತು ಗೊತ್ತಾಗುವುದಿಲ್ಲ, ಹೊಟ್ಟೆ ಖಾಲಿಯಾದದ್ದೂ ಗೊತ್ತಾಗುವುದಿಲ್ಲ, ಐದನೇ ಕಿ.ಮೀ. ಏರಿನಲ್ಲಿ ಕಣ್ಣು ಕತ್ತಲಿಟ್ಟಾಗಲೇ ಗೊತ್ತಾಗುವುದು. ಕೆಳಗಿನ ಹೋಟೆಲಿನಲ್ಲಿ ಏನಾದರೂ ತಿಂದು, ಎರಡೂ ಬಾಟಲಿ ತುಂಬಿಸಿಯೇ ತಿರುಗಿ. ನಡುವೆ ನೀರಿಲ್ಲ. ಎಂಟು ಕಿ.ಮೀ. ವೇಗದಲ್ಲಿ ಎಪ್ಪತ್ತು ನಿಮಿಷದ ಏರು, ಮೊದಲ ಇಪ್ಪತ್ತು ನಿಮಿಷ ಮಾತಾಡಿಕೊಂಡು ತುಳಿಯುವಷ್ಟು ನಿಧಾನವಿರಲಿ. ಹತ್ತು ಗಂಟೆ ಕಳೆದರೆ ಪ್ರವಾಸಿ ಬಸ್ಸುಗಳು ಸಾಲುಗಟ್ಟುತ್ತವೆ. ತಿರುವಿನಲ್ಲಿ ಬಸ್ಸಿಗೆ ಇಡೀ ರಸ್ತೆ ಬೇಕು, ನಮಗೆ ಉಳಿಯುವುದು ಕಲ್ಲುಕಟ್ಟೆ. ಅಷ್ಟರೊಳಗೆ ಕೆಳಗಿರಬೇಕೆಂದರೆ ಪೊಯೆನ್ಸಾದಿಂದ ಬೆಳಕು ಹರಿಯುತ್ತಲೇ ಹೊರಡಬೇಕು.

ಇಳಿಯುವಾಗ ಬ್ರೇಕನ್ನು ಒತ್ತಿಯೇ ಹಿಡಿದಿರಬಾರದು, ಪ್ಯಾಡ್ ಕಾದು ಹಿಡಿತ ಕಡಿಮೆಯಾಗುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟು, ತಿರುಗಿ. ನೆನಪಿರಲಿ, ಅಲ್ಲಿನ ಸೈಕಲ್‌ಗಳಲ್ಲಿ ಎಡಗೈ ಲಿವರ್ ಮುಂದಿನ ಬ್ರೇಕಿನದು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಗೆ ಮುಂದಿನದು. ಗಾಬರಿಯಲ್ಲಿ ಕೈ ಹಳೆಯ ರೂಢಿಗೇ ಹೋಗುತ್ತದೆ. ಬಾಡಿಗೆ ಅಂಗಡಿಯಲ್ಲೇ ಹೇಳಿದರೆ ಕೆಲವರು ಬದಲಿಸಿ ಕೊಡುತ್ತಾರೆ. ಇಲ್ಲದಿದ್ದರೆ ಮೊದಲ ದಿನ ಬಯಲಲ್ಲಿ ಬೇಕೆಂದೇ ಇಪ್ಪತ್ತು ಸಲ ನಿಲ್ಲಿಸಿ ಅಭ್ಯಾಸ ಮಾಡಿಕೊಳ್ಳಿ.

ಜಿಪಿಎಸ್ ಅನ್ನು ಪೂರ್ತಿ ನಂಬಬೇಡಿ. ದ್ವೀಪದ ರಾಜಧಾನಿ ಪಾಲ್ಮಾದಿಂದ ಉತ್ತರಕ್ಕೆ ಬರುವ ಎಂಎ-13 ಹೆದ್ದಾರಿಯಲ್ಲಿ ಸೈಕಲ್ ನಿಷೇಧ, ಪಕ್ಕದ ಹಳೆಯ ಎಂಎ-13ಎ ಹಿಡಿಯಬೇಕು. ಸೋಯೆರ್ ಸುರಂಗಕ್ಕೂ ಸೈಕಲ್ ಬಿಡುವುದಿಲ್ಲ, ಮೇಲಿನ ಹಳೆಯ ಘಟ್ಟವೇ ಗತಿ. ಹಾಗೆ ನೋಡಿದರೆ ಅದೇ ಚಂದ. ಬೇರೆ ಸುರಂಗಗಳಿಗಾಗಿ ಹಿಂದೆ ಮುಂದೆ ಲೈಟ್ ಇರಲಿ. ಊರ ಹೊರಗಿನ ರಸ್ತೆಯಲ್ಲಿ ಹೆಲ್ಮೆಟ್ ಕಾನೂನು. ತಿರುವಿನಲ್ಲಿ ಆಡುಗಳು ನಿಂತಿರುತ್ತವೆ, ಬೆಲ್ಲಿಗೆ ಕದಲುವುದಿಲ್ಲ.

ಏಪ್ರಿಲ್‌ನಲ್ಲಿ ಕೆಳಗೆ 19–20 ಡಿಗ್ರಿ ಇದ್ದರೂ ಮೇಲೆ ಐದಾರು ಡಿಗ್ರಿ ಕಡಿಮೆ. ಬೆವರಿದ ಮೈಯಲ್ಲಿ ಐವತ್ತರ ವೇಗದಲ್ಲಿ ಇಳಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗದು. ಜೇಬಿನಲ್ಲಿ ತೆಳು ಗಾಳಿಜಾಕೆಟ್, ಉದ್ದ ಬೆರಳಿನ ಗ್ಲೌಸ್ ಇರಲೇಬೇಕು.

ಸಸ್ಯಾಹಾರಿಗಳಿಗೆ ಒಂದು ಮಾತು. ಬೇಕರಿಗಳಲ್ಲಿ ಸುರುಳಿ ಸುತ್ತಿ ಸಕ್ಕರೆಪುಡಿ ಉದುರಿಸಿದ ಎನ್ಸಾಯಿಮಾದಾ ಎದ್ದು ಕಾಣುತ್ತದೆ. ಅದರ ಹೆಸರಿನಲ್ಲಿರುವ ‘ಸಾಯಿಮ್’ ಅಂದರೆ ಹಂದಿಕೊಬ್ಬು. ಅದರ ಬದಲು ಟೊಮೇಟೊ ತಿಕ್ಕಿ ಆಲಿವ್ ಎಣ್ಣೆ ಹಾಕಿದ ರೊಟ್ಟಿ ‘ಪಾ ಅಂಬ್ ಓಲಿ’ ಕೇಳಿ, ಮೇಲೆ ಮಾಂಸ ಬೇಡ ಅಂತ ಒತ್ತಿ ಹೇಳಿ. ರಾತ್ರಿಗೆ ಬದನೆ, ಆಲೂಗಡ್ಡೆ, ದೊಣ್ಣೆಮೆಣಸಿನಕಾಯಿಯ ‘ತುಂಬೆತ್’. ಚಟ್ನಿಪುಡಿ, ಅವಲಕ್ಕಿ ಒಯ್ಯಬಹುದು. ಧಾರವಾಡ ಪೇಡ ಬೇಡ, ಹಾಲಿನ ಪದಾರ್ಥಕ್ಕೆ ಯುರೋಪಿನ ಕಸ್ಟಮ್ಸ್‌ನಲ್ಲಿ ತಡೆ.

ಸೈಕಲ್ ಬಾಡಿಗೆಯದಾದರೂ ಸೀಟು, ಪೆಡಲ್ ಮನೆಯಿಂದಲೇ ಒಯ್ಯುತ್ತೇನೆ. ಕ್ರ್ಯಾಂಕ್ ಮಧ್ಯದಿಂದ ಸೀಟಿನ ಮೇಲ್ಮೈವರೆಗಿನ ಅಳತೆಯನ್ನು ಮಿಲಿಮೀಟರ್‌ನಲ್ಲಿ ಬರೆದುಕೊಂಡು ಹೋದರೆ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ. ಟ್ಯೂಬ್ ಕೊಳ್ಳುವ ಮೊದಲು ರಿಮ್ ಎಷ್ಟು ಆಳ ನೋಡಿ, ವಾಲ್ವ್ ಗಿಡ್ಡವಾದರೆ ಪಂಪಿಗೆ ಸಿಗುವುದಿಲ್ಲ. ವಾಪಸು ಕೊಡುವ ಹಿಂದಿನ ಸಂಜೆಯೇ ಪೆಡಲ್ ಬಿಚ್ಚಿ ಪೆಟ್ಟಿಗೆಗೆ ಹಾಕಿ. ಬಲಗಡೆಯದು ಮಾಮೂಲಿ ತಿರುಪು. ಎಡಗಡೆಯದು ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೇ ಬಿಚ್ಚಬೇಕು. ಬಿಗಿ ಮಾಡುತ್ತಿದ್ದೇನೆಂದು ತಿಳಿಯದೆ ಅರ್ಧ ಗಂಟೆ ಒದ್ದಾಡಿದವರು ಬೇಕಾದಷ್ಟಿದ್ದಾರೆ.